ಬಿಡುಗಡೆಯ ಆಮೇಲಿನ ಹಾಜರಿ

ಮಸ್ಕಿಯ ದುರ್ಗದ ಗುಡ್ಡದಲ್ಲಿ ಅಶೋಕನ ಶಾಸನ ಇದೆ ಅನ್ನುವುದು ನಮ್ಮ ಕಡೆ ಶಾಲೆ ಹುಡುಗರಿಗೂ ಗೊತ್ತು. 1915ರ ಜನವರಿಯಲ್ಲಿ, ಚಿನ್ನದ ಅದಿರು ಹುಡುಕುತ್ತ ತಿರುಗುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ‘ದೇವಾನಾಂಪಿಯ’, ‘ಪಿಯದಸಿ’ ಎಂದಿದ್ದವನು ಇಲ್ಲಿ ಸ್ವಂತ ಹೆಸರಿನಿಂದ ಕಾಣಿಸಿಕೊಂಡಿದ್ದ. ಆ ರಾಜ ಯಾರು ಎಂಬ ತಕರಾರು ಬಗೆಹರಿಯಿತು. ಪರೀಕ್ಷೆಗೆ ಅಷ್ಟು ಸಾಕು. ನಾನು ಲಿಂಗಸುಗೂರು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ವಕೀಲ. ಮಸ್ಕಿ ಮೊನ್ನೆಮೊನ್ನೆಯವರೆಗೆ ನಮ್ಮ ತಾಲ್ಲೂಕಿನದೇ ಊರು. ಅಶೋಕನನ್ನು ನಾನು ಓದುವುದು ಬೇರೆ ಕಾರಣಕ್ಕೆ: ಕೈದಿಯನ್ನು ಬಿಡುವುದೂ ಸರಕಾರದ ಕೆಲಸ ಎಂದು ನಮ್ಮ ನೆಲದಲ್ಲಿ ಕಲ್ಲಿನ ಮೇಲೆ ಬರೆಸಿದವರಲ್ಲಿ ಅವನೇ ಮೊದಲಿಗ.

ಮಸ್ಕಿಯ ಬಂಡೆಯಲ್ಲಿ ಆ ಮಾತಿಲ್ಲ. ಅಲ್ಲಿರುವುದು ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ನಿಲುಕುತ್ತದೆ ಎಂಬ ತಿಳುವಳಿಕೆ. ಕೈದಿಗಳ ವಿಷಯ ಬರುವುದು ಅವನ ಐದನೆಯ ಬಂಡೆಶಾಸನದಲ್ಲಿ. ನಮಗೆ ಹತ್ತಿರದ ಪ್ರತಿ ಆಂಧ್ರದ ಎರ್ರಗುಡಿಯಲ್ಲಿದೆ. ಪಟ್ಟಕ್ಕೆ ಬಂದು ಹದಿಮೂರು ವರ್ಷವಾದ ಮೇಲೆ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದೆ ಅನ್ನುತ್ತಾನೆ. ಸೆರೆಯಲ್ಲಿ ಬಿದ್ದವರಿಗೆ ನೆರವು ಕೊಡುವುದು, ಬೇಡಿ ಬಿಚ್ಚಿಸುವುದು, ಬಿಡಿಸಿ ಕಳಿಸುವುದು ಇವೂ ಅವರ ಕೆಲಸ. ಯಾರನ್ನು ಬಿಡಿಸಬೇಕು ಎಂಬುದನ್ನೂ ಹೇಳಿದ್ದಾನೆ: ಮಕ್ಕಳೊಂದಿಗರನ್ನು, ಇನ್ನೊಬ್ಬರ ಪ್ರೇರಣೆಗೆ ಸಿಕ್ಕು ಮಾಡಿದವರನ್ನು, ಮುದುಕರನ್ನು. ನಾವು ಇವತ್ತಿಗೂ ಜಾಮೀನು ಅರ್ಜಿಯ ಕೊನೆಯಲ್ಲಿ ಟೈಪ್ ಮಾಡಿಸುವ ಕಾರಣಗಳು ಹೆಚ್ಚುಕಡಿಮೆ ಇವೇ. ಆರೋಪಿಗೆ ಸಣ್ಣ ಮಕ್ಕಳಿವೆ, ಆರೋಪಿ ವೃದ್ಧ, ಆರೋಪಿಯನ್ನು ಬೇರೆಯವರು ಸಿಲುಕಿಸಿದ್ದಾರೆ.

ಇದಕ್ಕಿಂತ ನನಗೆ ಹೆಚ್ಚು ಪ್ರೀತಿ ಸನ್ನತಿಯ ಕಲ್ಲಿನ ಮೇಲೆ. ಭೀಮಾ ದಂಡೆಯ ಸನ್ನತಿ ಕಲಬುರಗಿ ಜಿಲ್ಲೆಯದು. ಅಲ್ಲಿನ ಚಂದ್ರಲಾಂಬೆ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿ ಕೂತಿದ್ದ ಚಪ್ಪಡಿಯ ಮೇಲೆ ಅಶೋಕನ ಬರಹ ಇದ್ದದ್ದು 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಪ್ರತ್ಯೇಕ ಶಾಸನಗಳು ಆ ಚಪ್ಪಡಿಯ ಮೇಲೂ ಇದ್ದವು. ಅವುಗಳಲ್ಲಿ ಮೊದಲನೆಯದು ನ್ಯಾಯ ಹೇಳುವ ಅಧಿಕಾರಿಗಳಿಗೆ ಬರೆದ ಸುತ್ತೋಲೆ. ಯಾರೋ ಒಬ್ಬ ಕಾರಣವಿಲ್ಲದೆ ಸೆರೆಗೋ ಹಿಂಸೆಗೋ ಈಡಾಗುತ್ತಾನೆ, ಅವನ ಹಿಂದೆ ಇನ್ನೂ ಹಲವರು ನೋಯುತ್ತಾರೆ, ನೀವು ಮಧ್ಯಮ ದಾರಿ ಹಿಡಿಯಬೇಕು ಅನ್ನುತ್ತಾನೆ. ಹಾಗೆ ಹಿಡಿಯಲಿಕ್ಕೆ ಅಡ್ಡ ಬರುವ ದೋಷಗಳನ್ನೂ ಪಟ್ಟಿ ಮಾಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ರೂಢಿಯಿಲ್ಲದಿರುವುದು, ಸೋಮಾರಿತನ, ದಣಿವು. ಸಿಟ್ಟು, ಕ್ರೌರ್ಯ ಯಾರಿಗಾದರೂ ಹೊಳೆಯುತ್ತವೆ. ದಣಿವಿನಿಂದ ಒಬ್ಬ ಮನುಷ್ಯ ಜೈಲಿನಲ್ಲಿ ಉಳಿಯುತ್ತಾನೆ ಎಂಬುದು ಹೊಳೆಯಬೇಕಾದರೆ ಕಚೇರಿಯ ಒಳಗಿನ ಹವಾ ಗೊತ್ತಿರಬೇಕು. ಸಂಜೆ ಐದಾಗಿದೆ, ಬೋರ್ಡಿನ ಮೇಲೆ ಇನ್ನೂ ಕೇಸುಗಳಿವೆ, ಜಾಮೀನುದಾರನ ಪಹಣಿಯಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆ, ‘ನಾಳೆ ತಗೊಂಡು ಬರ್ರಿ’. ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ. ಒಳಗಿದ್ದವನು ಸೋಮವಾರದವರೆಗೆ ಒಳಗೆ.

ಅಶೋಕನ ಆಮೇಲೆ ನಮ್ಮ ಸೀಮೆಯಲ್ಲಿ ಎಷ್ಟೋ ರಾಜ್ಯಗಳು ಬಂದು ಹೋದವು. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ವಿಜಯನಗರ, ಬಹಮನಿ, ಆದಿಲಶಾಹಿ ಎಲ್ಲ ಹೊಡೆದಾಡಿದರು. ಮುದಗಲ್, ಜಲದುರ್ಗದ ಕೋಟೆಗಳಲ್ಲಿ ಸೆರೆ ಇಟ್ಟ ಕಥೆಗಳನ್ನು ಜಲದುರ್ಗದವರು ಇವತ್ತಿಗೂ ಹೇಳುತ್ತಾರೆ, ಬುರುಜಿನ ಮೇಲಿಂದ ಕೃಷ್ಣೆಗೆ ತಳ್ಳುತ್ತಿದ್ದರೆಂಬ ಕಥೆಯೂ ಸೇರಿ. ಕಥೆ ಹೇಗೂ ಇರಲಿ, ಆ ಕಾಲದ ಶಿಕ್ಷೆ ಎಂದರೆ ದಂಡ, ಅಂಗಚ್ಛೇದ, ಗಡೀಪಾರು, ತಲೆದಂಡ. ಇಷ್ಟು ವರ್ಷ ಒಳಗಿರು, ಆಮೇಲೆ ಮನೆಗೆ ಹೋಗು ಎಂಬ ಲೆಕ್ಕದ ಸಜಾ ನಮ್ಮಲ್ಲಿ ರೂಢಿಯಾದದ್ದು ಇಂಗ್ಲಿಷರ ಕಾಲದಲ್ಲಿ. ಮನೆಗೆ ಹೋದವನ ಪಾಡೇನು ಎಂಬ ಪ್ರಶ್ನೆ ಹುಟ್ಟಿದ್ದೂ ಆವಾಗಲೇ.

ಲಿಂಗಸುಗೂರು ಎಂದು ಈಗ ಕರೆಯುವ ಪೇಟೆಯೇ ಒಂದು ಛಾವಣಿ. ಮೂಲ ಊರು ಕಸಬಾ ಲಿಂಗಸುಗೂರು, ಆಚೆಗಿದೆ. ಇಲ್ಲಿ ನಿಜಾಮರ ಖರ್ಚಿನಲ್ಲಿ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡು ಬಿಟ್ಟಿತ್ತು. 1905ರವರೆಗೆ ಲಿಂಗಸುಗೂರು ಜಿಲ್ಲಾ ಕೇಂದ್ರವೂ ಹೌದು; ಆಮೇಲೆ ರಾಯಚೂರಿಗೆ ಸೇರಿ ತಾಲ್ಲೂಕಾಯಿತು. ಜಿಲ್ಲೆ ಹೋದ ಬೇಸರ ನಮ್ಮ ಹಿರಿಯ ವಕೀಲರ ಮಾತಿನಲ್ಲಿ ನೂರು ವರ್ಷ ಕಳೆದರೂ ಇತ್ತು, ನಿನ್ನೆ ಮೊನ್ನೆ ಕಸಿದುಕೊಂಡ ಹಾಗೆ.

1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಪಡೆ ಹೊರಟದ್ದು ಈ ಛಾವಣಿಯಿಂದ. ಯುದ್ಧದ ಕಥೆ ಎಲ್ಲರಿಗೂ ಗೊತ್ತಿದೆ. ಸೆರೆಯ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹೈದರಾಬಾದಿನಲ್ಲಿ ಸಿಕ್ಕಿಬಿದ್ದ ರಾಜನಿಗೆ ಇನ್ನೂ ಎಳೆಯ ವಯಸ್ಸು. ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ ಸೆರೆಯಲ್ಲಿ ಅವನನ್ನು ಕಂಡು ಬಂದ. ಮರಣದಂಡನೆ ಇಳಿಯುತ್ತ ಇಳಿಯುತ್ತ ಮದರಾಸಿನ ಕಡೆಯ ಒಂದು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಬಂದು ನಿಂತಿತು. ಹೆಂಡಂದಿರು ಜೊತೆಗೆ ಹೋಗಬಹುದು, ನಡತೆ ಸರಿಯಿದ್ದರೆ ಅವಧಿ ಮುಗಿದ ಮೇಲೆ ಸಂಸ್ಥಾನ ಮರಳಿ ಸಿಗಬಹುದು ಎಂಬ ಭರವಸೆಯೂ ಇತ್ತೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಮನೆಯವರು ಜೊತೆಗೆ, ಅವಧಿ ಚಿಕ್ಕದು, ಹೊರಗೆ ಬಂದರೆ ಕಾಯುವ ಜಾಗ ಉಂಟು. ಈಗಿನ ಯಾವ ಸುಧಾರಣಾ ವರದಿಯೂ ಇದಕ್ಕಿಂತ ಒಳ್ಳೆಯ ಕರಾರು ಕೇಳುವುದಿಲ್ಲ. ರಾಜ ಅಲ್ಲಿಗೆ ತಲುಪಲೇ ಇಲ್ಲ. ದಾರಿಯಲ್ಲಿ ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಸುರಪುರದ ಕಡೆಯವರು ಅದನ್ನು ಪೂರ್ತಿ ಒಪ್ಪಿದವರಲ್ಲ.

ಆ ಕರಾರು ರಾಜನಿಗೆ ಮಾತ್ರ. ಸಾಮಾನ್ಯ ಕೈದಿಯ ಬಗ್ಗೆ ಕಂಪನಿ ಸರಕಾರದ ನಿಲುವು ಇಪ್ಪತ್ತು ವರ್ಷ ಮೊದಲೇ ಗೊತ್ತಾಗಿತ್ತು. ಮೆಕಾಲೆಯ ಮುತುವರ್ಜಿಯಲ್ಲಿ 1836ರಲ್ಲಿ ಕೂತ ಜೈಲು ಸಮಿತಿ 1838ರಲ್ಲಿ ವರದಿ ಕೊಟ್ಟು, ಕೈದಿಗಳಿಗೆ ಓದು ಬರಹ, ನೀತಿಬೋಧೆ ಎಲ್ಲ ಬೇಡ, ಬೇಸರ ಹುಟ್ಟಿಸುವ ಒಂದೇ ತೆರನ ಕಠಿಣ ದುಡಿಮೆ ಸಾಕು ಎಂದಿತು. ಸುಧಾರಣೆಯೂ ಜೈಲಿನ ಗುರಿ ಎಂದು ಸರಕಾರಿ ಸಮಿತಿಯೊಂದು ಗಟ್ಟಿಯಾಗಿ ಬರೆಯಲಿಕ್ಕೆ 1919-20ರ ಭಾರತೀಯ ಜೈಲು ಸಮಿತಿಯವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ನಡೆದುಹೋಗಿತ್ತು. ಅಪರಾಧ ಮಾಡದವರಿಗೂ ಸುಧಾರಣೆ ಶುರುವಾಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರದಲ್ಲಿ ಬಂದು, 1911ರ ತಿದ್ದುಪಡಿಯ ನಂತರ ಎಲ್ಲ ಕಡೆಗೂ ಹಬ್ಬಿತು. ಕೊರಚ, ಕೊರಮ, ಘಂಟಿಚೋರ, ಹರಣಶಿಕಾರಿ ಹೀಗೆ ಜಾತಿಗೆ ಜಾತಿಯೇ ಹುಟ್ಟಿನಿಂದ ಕಳ್ಳರು ಎಂದು ಪಟ್ಟಿಗೆ ಸೇರಿದವು. ನಮಗೆ ಪಕ್ಕದ ಮುಂಬಯಿ ಪ್ರಾಂತದ ವಿಜಾಪುರದಲ್ಲಿ ಓ.ಎಚ್.ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಇವರಿಗಾಗಿ ವಸಾಹತು ಕಟ್ಟುವ ಕೆಲಸ ಕೈಗೆತ್ತಿಕೊಂಡ. ಅದು ಬಾಗಲಕೋಟೆ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಿಗೆ ಬೆಳೆಯಿತು. ಗದಗ, ಹುಬ್ಬಳ್ಳಿಗಳಲ್ಲಿ ಆಟೋದವನಿಗೆ ‘ಸೆಟ್ಲ್‌ಮೆಂಟ್’ ಅಂದರೆ ಇವತ್ತಿಗೂ ಸೀದಾ ಅಲ್ಲಿಗೇ ಒಯ್ಯುತ್ತಾನೆ. ನಿಜಾಮರ ಸೀಮೆಯಲ್ಲೂ ಇಂಥದೇ ಕಾಯ್ದೆ ಇತ್ತು.

ಸ್ಟಾರ್ಟೆ ಕೆಟ್ಟ ಮನುಷ್ಯನೇನಲ್ಲ. ಅವನ ವಸಾಹತುಗಳಲ್ಲಿ ಮಕ್ಕಳಿಗೆ ಕಡ್ಡಾಯ ಶಾಲೆ, ದುಡಿಯುವ ಹುಡುಗರಿಗೆ ರಾತ್ರಿ ಶಾಲೆ, ದೊಡ್ಡವರಿಗೆ ನೂಲಿನ ಗಿರಣಿಯಲ್ಲೋ ಬಡಗಿ ಕೆಲಸದಲ್ಲೋ ಕೂಲಿ. ಊರಿನ ಎಷ್ಟೋ ಮಕ್ಕಳು ಶಾಲೆಯ ಮುಖ ನೋಡದ ಕಾಲದಲ್ಲಿ ಈ ಮಕ್ಕಳು ಅಕ್ಷರ ಕಲಿತರು. ಆದರೆ ಸುತ್ತ ಮುಳ್ಳುತಂತಿ. ದಿನಾ ಹಾಜರಿ. ಬೇರೆ ಊರಿಗೆ ಹೋಗಬೇಕಾದರೆ ಚೀಟಿ ಬೇಕು, ಚೀಟಿಯಿಲ್ಲದೆ ಹೋದರೆ ಅದೇ ಒಂದು ಅಪರಾಧ. ಮಾಸ್ತರು ಕರೆಯುವ ಹಾಜರಿಗೂ ಪೊಲೀಸು ಕರೆಯುವ ಹಾಜರಿಗೂ ಅಲ್ಲಿ ನಡುವೆ ಗೋಡೆ ಇರಲಿಲ್ಲ. ಕಲಿತು ಮುಗಿಸಿದವನ ಹೆಸರೂ ಪಟ್ಟಿಯಿಂದ ಹೋಗುತ್ತಿರಲಿಲ್ಲ, ಹೋದರೂ ಯಾರದೋ ಮರ್ಜಿಯ ಮೇಲೆ. ನಮ್ಮ ಸೀಮೆಯ ಇಡೀ ಕಥೆಯಲ್ಲಿ ನನಗೆ ಮತ್ತೆಮತ್ತೆ ಎದುರಾಗುವ ಗಂಟು ಇದೇ. ಒಳಗೆ ಕಲಿಸಲಿಕ್ಕೆ ಒಬ್ಬರಲ್ಲ ಒಬ್ಬರು ಮುಂದೆ ಬಂದಿದ್ದಾರೆ. ಹೊರಗೆ ಬಂದವನ ಹಾಜರಿ ನಿಲ್ಲಿಸಲಿಕ್ಕೆ ಯಾರೂ ಬಂದಿಲ್ಲ.

ನಡುವೆ ಒಂದು ಸಲ ಮಾತ್ರ ಜೈಲಿನಿಂದ ಬಂದವರಿಗೆ ಊರವರು ಹಾರ ಹಾಕಿ ಮೆರವಣಿಗೆ ಮಾಡಿದರು. 1947-48ರಲ್ಲಿ ನಿಜಾಮರ ವಿರುದ್ಧ ಸತ್ಯಾಗ್ರಹ ಮಾಡಿ ಕಲಬುರಗಿ, ಹೈದರಾಬಾದ್ ಜೈಲುಗಳಲ್ಲಿ ಕೂತು ಬಂದವರು ಅವರು. ಮುಂದೆ ಅವರಲ್ಲಿ ಹಲವರು ಶಾಸಕರು, ಮಂತ್ರಿಗಳು ಆದರು. ಅದೇ ಬ್ಯಾರಕ್ಕಿನಲ್ಲಿ, ಅದೇ ಜೋಳದ ರೊಟ್ಟಿ ತಿಂದು ಬಂದ ಕುರಿ ಕಳ್ಳನನ್ನು ಮಾತ್ರ ಅವನ ಹೆಂಡತಿ ಮಾತೂ ಆಡಿಸಿರಲಿಕ್ಕಿಲ್ಲ.

1952ರ ಆಗಸ್ಟ್ 31ಕ್ಕೆ ಅಪರಾಧಿ ಬುಡಕಟ್ಟುಗಳ ಕಾಯ್ದೆ ದೇಶದ ತುಂಬ ರದ್ದಾಯಿತು. ಆ ದಿನವನ್ನು ಆ ಸಮುದಾಯಗಳು ವಿಮುಕ್ತ ದಿನ ಎಂದು ಆಚರಿಸುತ್ತವೆ. ಜಾತಿಯ ಪಟ್ಟಿ ಹೋಗಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಇನ್ನು ಜೈಲಿನೊಳಗೆ ಯಾವ ಜಾತಿಯವನು ಅಡುಗೆ ಮಾಡಬೇಕು, ಯಾವ ಜಾತಿಯವನು ಕಕ್ಕಸು ತೊಳೆಯಬೇಕು ಎಂಬ ಹಳೆಯ ನಿಯಮಗಳನ್ನೂ, ರಿಜಿಸ್ಟರಿನ ಜಾತಿ ಕಲಮನ್ನೂ ಕಿತ್ತುಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು. ಇಸವಿ ತಪ್ಪಾಗಿ ಅಚ್ಚಾಗಿಲ್ಲ.

ಕರ್ನಾಟಕದ ಜೈಲುಗಳಲ್ಲಿ ಒಳ್ಳೆಯದು ನಡೆದಿಲ್ಲ ಅಂತಲ್ಲ. 1990ರ ದಶಕದ ಕೊನೆಯಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಬಳ್ಳಾರಿ ಜೈಲಿನೊಳಗೆ ಹೋಗಿ ಕೈದಿಗಳಿಗೆ ನಾಟಕ ಕಲಿಸಿದರು, ಮುಂದೆ ಮೈಸೂರಿನಲ್ಲೂ ಕಲಿಸಿದರು. ಕಾರ್ನಾಡರ ‘ತಲೆದಂಡ’, ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ಒಗ್ಗಿಸಿದ ಶಿವಪ್ರಕಾಶರ ‘ಮಾರನಾಯಕ’ ಇಂಥವನ್ನು ಕೊಲೆ ಕೇಸಿನಲ್ಲಿ ಸಜಾ ಆದವರೇ ಆಡಿದರು, ಜೈಲಿನ ಹೊರಗಿನ ರಂಗಮಂದಿರಕ್ಕೂ ಬಂದು ಆಡಿದರು. ಕೈಗೆ ಮೆತ್ತಿದ ರಕ್ತ ತೊಳೆದರೂ ಹೋಗದು ಎಂಬ ಸಂಗತಿಯ ನಾಟಕವನ್ನು ಅವರು ಆಡುವಾಗ ಕೆಳಗೆ ಕೂತವರಿಗೆ ಹೇಗಾಗಿರಬೇಕು. ಲೋಕ ಶಿಕ್ಷಣ ಇಲಾಖೆಯ ‘ಕಲಿಕೆಯಿಂದ ಬದಲಾವಣೆ’ ಕಾರ್ಯಕ್ರಮದಲ್ಲಿ ಓದು ಬಂದ ಕೈದಿ ಬಾರದ ಕೈದಿಗೆ ಅಕ್ಷರ ತಿದ್ದಿಸುತ್ತಾನೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಪಡೆದವರೂ ಇದ್ದಾರೆ. ಕೂಲಿಯನ್ನೂ ಏರಿಸಿದ್ದಾರೆ: 2023ರ ಹೊತ್ತಿಗೆ ದುಡಿಯುವ ಸಜಾ ಬಂದಿಗೆ ದಿನಕ್ಕೆ 524 ರೂಪಾಯಿಯಿಂದ, ಕಸುಬು ಚೆನ್ನಾಗಿ ಗೊತ್ತಿದ್ದವನಿಗೆ 663ರವರೆಗೆ. ನಮ್ಮ ಊರಿನ ಹೊಲದಲ್ಲಿ ಗಂಡಾಳಿಗೆ ಎಷ್ಟೋ ಸಲ ಅಷ್ಟು ಸಿಗುವುದಿಲ್ಲ.

ಅಂಥ ಒಂದು ದೊಡ್ಡ ಜೈಲಿನಲ್ಲಿ ಅಕ್ಷರ ಕಲಿತು ಬಂದ ನನ್ನ ಕಕ್ಷಿದಾರನೊಬ್ಬನ ಸಂಗತಿ ಹೇಳಬೇಕು. ಹೊಲದ ಬದುವಿನ ಜಗಳದಲ್ಲಿ ಒಬ್ಬನ ಪ್ರಾಣ ಹೋಗಿ ಜೀವಾವಧಿ ಆಗಿದ್ದವನು, ಸನ್ನಡತೆಯ ಮೇಲೆ ಬಿಡುಗಡೆಯಾಗಿ ಬಂದ. ಮೊದಲು ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ್ದವನು ಈ ಸಲ ನನ್ನ ಮೇಜಿನ ಮೇಲಿನ ಪೆನ್ನು ತಾನೇ ಎತ್ತಿಕೊಂಡ. ‘ಹೆಬ್ಬೆಟ್ಟು ಒಳಗ ಬಿಟ್ಟು ಬಂದೀನ್ರೀ ವಕೀಲ್ರ’ ಅಂದು, ನಾಲಿಗೆ ಹಲ್ಲಿನ ನಡುವೆ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದ. ಕೊನೆಯ ಅಕ್ಷರದ ಒತ್ತನ್ನು ಮತ್ತೊಮ್ಮೆ ತಿದ್ದಿ ದಪ್ಪ ಮಾಡಿದ. ಜೈಲಿನ ಕೂಲಿಯ ದುಡ್ಡು ಒಂದಿಷ್ಟು ಬಂದಿತ್ತು, ಹಳೆಯ ಬ್ಯಾಂಕ್ ಖಾತೆಯಲ್ಲೂ ಸ್ವಲ್ಪ ಇತ್ತು. ಬ್ಯಾಂಕಿಗೆ ಹೋದರೆ ಅವರ ದಾಖಲೆಯಲ್ಲಿ ಇರುವುದು ಹೆಬ್ಬೆಟ್ಟು. ಸಹಿ ತಾಳೆ ಆಗುವುದಿಲ್ಲ ಎಂದು ತಿರುಗಿಸಿ ಕಳಿಸಿದರು. ಇವನಿಗೆ ಸಿಟ್ಟು ಬಂತು: ಕಲಿತದ್ದು ತಪ್ಪಾಯಿತೇ? ಹೆಬ್ಬೆಟ್ಟು ಒತ್ತು ಮಾರಾಯ, ದುಡ್ಡು ತಗೊಂಡು ಬಾ ಅಂದೆ. ಒತ್ತಲೇ ಇಲ್ಲ. ಅಫಿಡವಿಟ್ಟು ಮಾಡಿಸಿ, ಗುರುತು ಹಿಡಿಯುವ ಇಬ್ಬರನ್ನು ಒಯ್ದು ನಿಲ್ಲಿಸಿ, ಸಹಿಯನ್ನೇ ದಾಖಲೆಗೆ ಸೇರಿಸಿಕೊಂಡ ಮೇಲೆ ದುಡ್ಡು ತೆಗೆದ. ಅವನ ಹಟ ನನಗೆ ಹಿಡಿಸಿತು.

ಊರಿನಲ್ಲಿ ಅವನು ನಿಲ್ಲಲಿಲ್ಲ. ಬದುವು ಅಲ್ಲೇ ಇತ್ತು, ಸತ್ತವನ ತಮ್ಮಂದಿರು ಪಕ್ಕದ ಓಣಿಯಲ್ಲೇ ಇದ್ದರು. ಎರಡೂ ಮನೆಯ ಹಿರಿಯರನ್ನು ಕೂಡಿಸಿ ಒಟ್ಟಿಗೆ ಊಟ ಮಾಡಿಸಿದ್ದಾಗಿತ್ತು, ಆದರೂ ರಾತ್ರಿ ಹೊಲಕ್ಕೆ ನೀರು ಬಿಡಲಿಕ್ಕೆ ಒಬ್ಬನೇ ಹೋಗುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋದ. ಜೈಲಿನಿಂದ ಬಂದವರನ್ನು ನಮ್ಮ ಸೀಮೆಯಲ್ಲಿ ನೆಲೆಗೆ ಹಚ್ಚುವ ಒಂದು ವ್ಯವಸ್ಥೆ ಇದ್ದರೆ ಅದು ಗುಳೆಯೇ. ಅಲ್ಲಿ ಕಟ್ಟಡದ ಮೇಸ್ತ್ರಿಗೆ ಬೇಕಾದದ್ದು ಸೆಂಟ್ರಿಂಗ್ ಬರುತ್ತದೋ ಇಲ್ಲವೋ ಎಂಬುದಷ್ಟೇ. ಎಲ್ಲಿದ್ದೆ ಇಷ್ಟು ವರ್ಷ ಎಂದು ಯಾರೂ ಕೇಳುವುದಿಲ್ಲ.

ಅವನು ಸಜಾ ಬಂದಿ, ಶಾಲೆಯಾದರೂ ಸಿಕ್ಕಿತು. 2022ರ ಲೆಕ್ಕದ ಪ್ರಕಾರ ದೇಶದ ಕೈದಿಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಜನ ವಿಚಾರಣಾಧೀನರು. ನಾಳೆಯೋ ನಾಡಿದ್ದೋ ಜಾಮೀನು ಆದೀತೆಂದು ಕೂತವರಿಗೆ ಯಾರು ಪಾಠ ಶುರು ಮಾಡುತ್ತಾರೆ? ಆ ನಾಳೆ ಕೆಲವೊಮ್ಮೆ ಎರಡು ವರ್ಷಕ್ಕೆ ಬರುತ್ತದೆ. ಕೂಲಿ ಇಲ್ಲ, ಕಸುಬು ಇಲ್ಲ, ಹೊರಗೆ ಬಂದಾಗ ಕೈಯಲ್ಲಿ ಮುಂದಿನ ಮುದ್ದತ್ತಿನ ತಾರೀಖು ಮಾತ್ರ. ಗುಳೆ ಹೋದರೆ ತಾರೀಖು ತಪ್ಪುತ್ತದೆ, ತಪ್ಪಿದರೆ ವಾರಂಟು, ವಾರಂಟು ಬಂದರೆ ಮತ್ತೆ ಒಳಗೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479 ಬಂದ ಮೇಲೆ, ಮೊದಲ ಸಲ ಸಿಕ್ಕವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಪಾಲು ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಕೇಸುಗಳು ಇದರಲ್ಲಿ ಸೇರುವುದಿಲ್ಲ. ಅರ್ಜಿಯನ್ನು ಜೈಲಿನ ಅಧಿಕಾರಿಯೇ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಧರ್ಮಮಹಾಮಾತ್ರನ ಕೆಲಸ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಮೇಲೆ ಮತ್ತೆ ಜಾರಿಗೆ ಬಂದಿದೆ. ಜಾಮೀನಿಗೆ ದುಡ್ಡಿಲ್ಲದವರಿಗಾಗಿ 2023ರಿಂದ ಕೇಂದ್ರದ ಯೋಜನೆಯೂ ಇದೆ, ಶುರುವಿನಲ್ಲಿ 40,000 ರೂಪಾಯಿವರೆಗೆ ಎಂದಿತ್ತು. ಇವೆರಡನ್ನೂ ನಮ್ಮ ಕಿರಿಯ ವಕೀಲರು ಬಾಯಿಪಾಠ ಮಾಡಿಟ್ಟುಕೊಂಡರೆ ಎಷ್ಟೋ ಮನೆಗಳ ಒಲೆ ಉರಿದೀತು.

ಇನ್ನು ಹಾಜರಿಯ ವಿಷಯ. ಒಮ್ಮೆ ಒಳಗೆ ಹೋಗಿ ಬಂದ ಹುಡುಗನ ಹೆಸರಿಗೆ ಠಾಣೆಯಲ್ಲಿ ಒಂದು ರೌಡಿ ಶೀಟು ತೆರೆದರೆಂದರೆ ಅದು ಅವನ ಗಡ್ಡ ಬೆಳ್ಳಗಾದರೂ ಮುಚ್ಚುವುದಿಲ್ಲ. ಚುನಾವಣೆ ಬಂತು, ಗಣೇಶ ಚೌತಿ ಬಂತು ಅಂದರೆ ಕರೆ ಬರುತ್ತದೆ, ಸಾಲಾಗಿ ನಿಲ್ಲಿಸುತ್ತಾರೆ, ಆಮೇಲೆ ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಮುಚ್ಚಳಿಕೆ. ಸ್ಟಾರ್ಟೆಯ ಮುಳ್ಳುತಂತಿ ಇಲ್ಲ, ರಾತ್ರಿ ಶಾಲೆಯೂ ಇಲ್ಲ. ಉಳಿದದ್ದು ಹಾಜರಿ ಒಂದೇ. ಟ್ರ್ಯಾಕ್ಟರ್ ಮೇಲೆ ಡ್ರೈವರಾಗಿದ್ದ ಒಬ್ಬನನ್ನು, ಪದೇಪದೇ ಪೊಲೀಸರು ಹುಡುಕಿಕೊಂಡು ಬರುತ್ತಾರೆಂದು ಮಾಲಕರು ಕೆಲಸದಿಂದ ಬಿಡಿಸಿದ್ದನ್ನು ನಾನೇ ಕಂಡಿದ್ದೇನೆ. ಶೀಟು ಮುಚ್ಚಿ ಎಂದು ಅರ್ಜಿ ಕೊಟ್ಟು ಕೂತರೆ, ಪರಿಶೀಲನೆಯಲ್ಲಿದೆ ಎಂಬ ಉತ್ತರ ಮಾತ್ರ ಗ್ಯಾರಂಟಿ.

ಇಂಥ ಪಟ್ಟಿಗೆ ಬೀಳುವ ಮುಂಚೆಯೇ ಹುಡುಗನನ್ನು ಎಳೆದುಕೊಳ್ಳಲಿಕ್ಕೆ ಒಂದು ಕಾಯ್ದೆ ಇದೆ, 1958ರ ಪ್ರೊಬೇಷನ್ ಕಾಯ್ದೆ. ತಪ್ಪು ಸಾಬೀತಾದರೂ, ವಯಸ್ಸು ನಡತೆ ನೋಡಿ ಕೋರ್ಟು ಜೈಲಿಗೆ ಕಳಿಸದೆ ಮುಚ್ಚಳಿಕೆಯ ಮೇಲೆ ಬಿಡಬಹುದು. ಅದರ ಕಲಂ 12 ನನ್ನ ಮಟ್ಟಿಗೆ ಇಡೀ ಕಾನೂನು ಪುಸ್ತಕದ ಅತಿ ದೊಡ್ಡ ಮನಸ್ಸಿನ ಕಲಂ: ಹಾಗೆ ಬಿಟ್ಟವನಿಗೆ ಶಿಕ್ಷೆಯಾದ ಕಾರಣಕ್ಕೆ ಅಂಟಿಕೊಳ್ಳುವ ಯಾವ ಅನರ್ಹತೆಯೂ ಅಂಟಬಾರದು. ವಾದ ಮುಗಿದ ಮೇಲೆ ಇದನ್ನು ಕೇಳುವ ವಕೀಲರು ಕಡಿಮೆ. ಕಾರಣ ಹಳೆಯದೇ, ಐದು ಗಂಟೆಯ ದಣಿವು.

ಜಾತ್ರೆಯ ಹೊಡೆದಾಟದ ಕೇಸಿನಲ್ಲಿ ಹೀಗೆ ಪ್ರೊಬೇಷನ್ ಮೇಲೆ ಬಿಡುಗಡೆಯಾದ ಒಬ್ಬ ಹುಡುಗ ಇತ್ತೀಚೆಗೆ ತಾಯಿಯ ಜೊತೆ ಆಫೀಸಿಗೆ ಬಂದಿದ್ದ. ಸಿಂಧನೂರಿನ ಕಡೆ ಒಂದು ಕೆಲಸ ಇದೆ, ಪೊಲೀಸ್ ವೆರಿಫಿಕೇಷನ್ ಕೇಳಿದ್ದಾರೆ, ಫಾರ್ಮಿನಲ್ಲಿ ಶಿಕ್ಷೆ ಆಗಿದೆಯೇ ಎಂಬ ಕಲಂ ಇದೆ, ಏನು ಬರೆಯಲಿ ಎಂದು ಕೇಳಿದ. ಇದ್ದದ್ದನ್ನೇ ಬರೆ, ಮುಚ್ಚಿಟ್ಟರೆ ಅದೇ ಇನ್ನೊಂದು ತಪ್ಪಾಗುತ್ತದೆ ಅಂದೆ. ಕೋರ್ಟಿನ ಆದೇಶದ ನಕಲು, ಕಲಂ 12ರ ಝೆರಾಕ್ಸು ಎರಡನ್ನೂ ಫಾರ್ಮಿಗೆ ಪಿನ್ ಮಾಡಿ ಕೊಟ್ಟೆ. ತಾಯಿ ಇನ್ನೊಂದು ಝೆರಾಕ್ಸು ಬೇಕು ಅಂದಳು. ಯಾಕವ್ವಾ ಅಂದರೆ, ಮನೆಯಲ್ಲಿ ಇರಲಿ, ಯಾರಾದರೂ ಕೇಳಿಕೊಂಡು ಬಂದರೆ ತೋರಿಸಲಿಕ್ಕೆ ಬರುತ್ತದೆ, ಲ್ಯಾಮಿನೇಷನ್ ಮಾಡಿಸಿದರೆ ನಡೀತದೇನ್ರೀ ಅಂತ ಕೇಳಿದಳು. ನಡೀತದ, ಮಾಡಿಸು ಅಂದೆ.